ಸೋಡಚೀಟಿ ಎಲ್ಲಿಟ್ಟಿರಿ, ಕಾಕಾ?

ಬೀದರ ಜಿಲ್ಲೆಯ ಕೊಳಾರದ ಚಹಾದಂಗಡಿಯಲ್ಲಿ ಕೂತು, ಇಂಥವರ ಮನೆಯ ಗಂಡ-ಹೆಂಡತಿ ಯಾಕೆ ಬಿಟ್ಟರು ಎಂದು ಕೇಳಿ ನೋಡಿ. ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಪೂರ್ತಿ ಜಜ್‌ಮೆಂಟ್ ಸಿಗುತ್ತದೆ. ಅತ್ತೆ ಏನಂದಳು, ಸೊಸೆ ಯಾವ ಬಸ್ಸು ಹತ್ತಿ ತವರಿಗೆ ಹೋದಳು, ಎಷ್ಟು ತೊಲೆ ಬಂಗಾರ ವಾಪಸು ಬಂತು, ಎಷ್ಟು ಬರಲಿಲ್ಲ, ಎಲ್ಲ ಬಾಯಿಪಾಠ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಅರ್ಧ ಮಂದಿ ಎದ್ದು ಹೋದರೂ ವಿಚಾರಣೆ ನಿಲ್ಲುವುದಿಲ್ಲ. ಪಾಳಿ ಬಿಟ್ಟು ಬಂದವರು ಅದೇ ಬೆಂಚಿನ ಮೇಲೆ ಕೂತು ಕೇಸು ಮುಂದುವರಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಇಂಥ ವಿಚಾರಣೆ ಬಾಗಿಲು ಮುಚ್ಚಿಕೊಂಡು ನಡೆಯಬೇಕು, ಅನುಮತಿ ಇಲ್ಲದೆ ಅದನ್ನು ಅಚ್ಚು ಹಾಕಿ ಪ್ರಕಟಿಸಿದವರಿಗೆ 1,000 ರೂಪಾಯಿವರೆಗೆ ದಂಡ. ಬಾಯಿಮಾತಿಗೂ ಅದೇ ದಂಡ ಇದ್ದಿದ್ದರೆ ಕೊಳಾರದ ಅರ್ಧ ಮಂದಿ ಹೊಲ ಮಾರಬೇಕಾಗುತ್ತಿತ್ತು.

ಆದರೆ "ಹೌದ್ರಿ, ಆ ಡಿವೋರ್ಸಿನ ಕಾಗದ ಎಲ್ಲದ?" ಎಂದು ಕೇಳಿ. ಸಾಸರು ಕೆಳಗಿಟ್ಟು ಎಲ್ಲರೂ ರಸ್ತೆ ನೋಡುತ್ತಾರೆ.

ನಮ್ಮ ಓಣಿಯ ಕಾಕಾನಿಗೆ ಈ ಕಾಗದದ ಅವಶ್ಯಕತೆ ಬಿದ್ದದ್ದು ಅಣ್ಣನ ಮಗನ ಎರಡನೇ ಸಂಬಂಧಕ್ಕೆ. ಹುಡುಗ ಹೈದರಾಬಾದಿನಲ್ಲಿ ದುಡಿಯುತ್ತಾನೆ. ಹೆಣ್ಣು ಭಾಲ್ಕಿ ಕಡೆಯದು. ಭಾಲ್ಕಿಯವರು ಹುಷಾರು, ಚೂಡಾ ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡ ಮೇಲೆ ಕೇಳಿದರು: "ಮೊದಲಿನ ಮದುವಿ ಮುರಿದದ್ದರ ಕೋರ್ಟಿನ ಕಾಗದ ಜರಾ ತೋರಸ್ರಿ."

"ಕಾಗದ ಯಾಕ್ರಿ? ಊರಿಗೆಲ್ಲ ಗೊತ್ತದ!" ಅಂದ ಕಾಕಾ.

"ನಿಮ್ಮ ಊರಿಗೆ ಗೊತ್ತದ. ನಮ್ಮ ಊರಿಗೆ ಗೊತ್ತಿಲ್ಲಲ್ರಿ."

ಮರುದಿನ ಕಾಕಾ ನನ್ನ ಬಳಿ ಬಂದ. ಅವನ ಲೆಕ್ಕ ಸೀದಾ ಇತ್ತು. ಹುಟ್ಟಿದ್ದಕ್ಕೆ ಸರ್ಟಿಫಿಕೇಟ್ ಉಂಟು, ಸತ್ತದ್ದಕ್ಕೂ ಉಂಟು, ಮದುವೆಗೂ ಉಂಟು, ಅಂದಮೇಲೆ ಬಿಟ್ಟದ್ದಕ್ಕೂ ಎಲ್ಲೋ ಒಂದು ಕಿಟಕಿ ಇರಲೇಬೇಕು. ನಾನು ಹೇಳಿದೆ: ಕಾಕಾ, ಜನನ-ಮರಣಕ್ಕೆ 1969ರ ಕಾಯ್ದೆ ಇದೆ, ಮದುವೆ ನೋಂದಣಿಗೆ ಕರ್ನಾಟಕದ್ದೇ 1976ರ ಕಾಯ್ದೆ ಇದೆ, ಹಿಂದೂ ಮದುವೆ ಮುರಿದದ್ದನ್ನು ಬರೆದಿಡುವ ರಿಜಿಸ್ಟರ್ ಮಾತ್ರ ಯಾವ ಕಚೇರಿಯಲ್ಲೂ ಇಲ್ಲ. ಕೋರ್ಟಿನ ಡಿಕ್ರಿಯೇ ಸರ್ಟಿಫಿಕೇಟು. ಅಮೆರಿಕದಲ್ಲಾದರೆ ಕೌಂಟಿಯ ಕೋರ್ಟ್ ಕ್ಲರ್ಕಿನ ಹತ್ತಿರ ಡಿಕ್ರಿ ಸಿಗುತ್ತದೆ, ಜೊತೆಗೆ ಎಷ್ಟೋ ರಾಜ್ಯಗಳಲ್ಲಿ ಆರೋಗ್ಯ ಇಲಾಖೆಯೇ ಡಿವೋರ್ಸ್ ಸರ್ಟಿಫಿಕೇಟ್ ಕೊಡುತ್ತದೆ.

"ಆರೋಗ್ಯ ಇಲಾಖೆ?" ಕಾಕಾ ಸ್ವಲ್ಪ ಹೊತ್ತು ವಿಚಾರ ಮಾಡಿದ. "ಖರೇನ ಅದ. ಬಿಟ್ಟ ಮ್ಯಾಲ ಭಾಳ ಮಂದೀದು ಆರೋಗ್ಯ ಸುಧಾರಿಸ್ಯದ."

ಮೊದಲು ಅವನು ತಂದು ತೋರಿಸಿದ್ದು ಒಂದು ಬಾಂಡ್ ಪೇಪರು. ಪಂಚರು ಕೂತು, ಎರಡೂ ಕಡೆಯವರ ಸಹಿ ಹಾಕಿಸಿ, ನೋಟರಿ ಶಿಕ್ಕಾ ಹೊಡೆಸಿದ ಸೋಡಚೀಟಿ. ನಮ್ಮ ಕಡೆ ಇದರ ಮೇಲೆ ಇರುವ ಭಕ್ತಿ ದೇವರ ಮೇಲೂ ಇಲ್ಲ. ಇದು ಪೂರ್ತಿ ಬೊಗಳೆ ಎಂದು ನಾನು ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ನಮ್ಮ ಜಾತಿಯಲ್ಲಿ ಆ ರೂಢಿ ಹಿಂದಿನಿಂದ ಉಂಟು ಎಂದು ಕೋರ್ಟಿನಲ್ಲಿ ಸಿದ್ಧ ಮಾಡಿ ತೋರಿಸಬೇಕು. ಹಾಗೆ ತೋರಿಸದಿದ್ದರೆ ಬಾಂಡು ಬರೀ ಬಾಂಡು, ಹೆಂಡತಿ ಹೆಂಡತಿಯೇ. 1899ರ ಭಾರತೀಯ ಸ್ಟಾಂಪ್ ಕಾಯ್ದೆಯ ಪಟ್ಟಿಯಲ್ಲಿ ವಿಚ್ಛೇದನ ಪತ್ರಕ್ಕೆ ಒಂದು ರೂಪಾಯಿ ಸ್ಟಾಂಪು ಎಂದು ಬರೆದಿತ್ತು. ಕಾಕಾನಿಗೆ ಇದನ್ನು ಹೇಳಬಾರದಿತ್ತು. "ಒಂದು ರೂಪಾಯಿ! ನಮ್ಮ ಹತ್ರ ವಕೀಲ ಎಷ್ಟ್ ತಗೊಂಡಾನ ಗೊತ್ತದೇನ?" ಎಂದು ಅರ್ಧ ತಾಸು ಗೊಣಗಿದ.

ವಕೀಲನ ಮಾತು ಬಂದದ್ದರಿಂದ ಕೋರ್ಟಿನಲ್ಲೂ ಕೇಸು ನಡೆದಿತ್ತೆಂದು ಗೊತ್ತಾಯಿತು. ಯಾವ ಕೋರ್ಟು? ಅದು ಯಾರಿಗೂ ನೆನಪಿಲ್ಲ. ವಿವಾಹ ಕಾಯ್ದೆಯ 19ನೇ ಕಲಂ ಬಲು ಉದಾರಿ. ಮದುವೆ ಆದಲ್ಲಿ ಅರ್ಜಿ ಹಾಕಬಹುದು, ಎದುರಿಗಿನವರು ಇರುವಲ್ಲಿ ಹಾಕಬಹುದು, ಇಬ್ಬರೂ ಕೊನೆಯದಾಗಿ ಕೂಡಿ ಬಾಳಿದಲ್ಲಿ ಹಾಕಬಹುದು, 2003ರಿಂದ ಹೆಂಡತಿ ಅರ್ಜಿದಾರಳಾದರೆ ಅವಳಿರುವ ಊರಲ್ಲೂ ಹಾಕಬಹುದು. ಒಳಗಿನ ಜಿಲ್ಲೆಯವರಿಗೆ ಇದೊಂದು ಅನುಕೂಲ. ಗಡಿಯಲ್ಲಿರುವ ನಮಗೆ ಇದು ಮೂರು ರಾಜ್ಯದ ಪ್ರವಾಸ. ನಮ್ಮ ಸೊಸೆಯಂದಿರು ಉದಗೀರಿನವರು, ಜಹೀರಾಬಾದಿನವರು, ನಾರಾಯಣಖೇಡದವರು. ಔರಾದದ ಕಡೆ ಹೋದರಂತೂ ಬೀಗರ ಮನೆಯಲ್ಲಿ ಅರ್ಧ ಮಾತು ಮರಾಠಿ. ಹಾಗೆಂದು ಅವರನ್ನು ಪರದೇಶಿಗಳು ಎನ್ನುವಂತಿಲ್ಲ. ನಿಜಾಮನ ಕಾಲದ ಬೀದರ ಜಿಲ್ಲೆಯಲ್ಲಿ ಅವೆಲ್ಲ ನಮ್ಮವೇ ತಾಲ್ಲೂಕುಗಳು. 1956ರ ನವೆಂಬರ್ 1ಕ್ಕೆ ಕೂಡು ಕುಟುಂಬ ಪಾಲಾದ ಹಾಗೆ ಜಿಲ್ಲೆಯೇ ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ಪಾಲಿಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರದ ಪಾಲಿಗೆ; ಬೀದರ, ಭಾಲ್ಕಿ, ಹುಮನಾಬಾದ, ಆಗ ಸಂತಪುರ ಎನಿಸಿಕೊಂಡಿದ್ದ ಔರಾದ ಇವೆಲ್ಲ ಮೈಸೂರಿಗೆ ಬಂದವು. ಜಿಲ್ಲೆ ಮುರಿದದ್ದರ ಕಾಗದ ಮಾತ್ರ ಸಲೀಸಾಗಿ ಸಿಗುತ್ತದೆ, ಸಂಸತ್ತೇ ಬರೆದುಕೊಟ್ಟದ್ದು.

ಅದಕ್ಕೂ ಹಿಂದಿನ ಕಾಗದ ಬೇಕಾದರೆ ಉರ್ದು ಬಲ್ಲ ಹಿರಿಯರ ಕಾಲು ಹಿಡಿಯಬೇಕು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರ ನಾಡು ಇದು. ಕಚೇರಿಯ ಕಾಗದಕ್ಕೆ ಒಂದು ಭಾಷೆ, ಮನೆಗೆ ಒಂದು ಭಾಷೆ ನಮಗೆ ಅಂದಿನಿಂದಲೂ ಅಭ್ಯಾಸ.

ಚಹಾದಂಗಡಿಯ ಬೆಂಚಿನ ಆ ತುದಿಗೆ ಕೂತ ಮಸ್ತಾನ್ ಭಾಯಿ ಸುಮ್ಮನಿರದೆ ಬೆಂಕಿಗೆ ಗಾಳಿ ಹಾಕಿದ: "ಕಾಕಾ, ನಮ್ಮ ಖಾಜಿ ಸಾಬ್ರ ದಫ್ತರದಾಗ ನಮ್ಮ ಅಜ್ಜಂದು ನಿಕಾಹ್ ಸಿಕ್ತದ." ಕಾಕಾ ಬಿಟ್ಟಾನೆ? "ನಿಕಾಹ್ ಸಿಕ್ತದ, ತಲಾಖ್?" 2017ರ ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟು ಒಂದೇ ಉಸುರಿನ ಮೂರು ತಲಾಖನ್ನು ರದ್ದು ಮಾಡಿ, 2019ರಲ್ಲಿ ಅದು ಅಪರಾಧವೂ ಆದಮೇಲೆ ಮಸ್ತಾನ್ ಭಾಯಿಯ ಕಡೆಯವರೂ ವಕೀಲರ ಮನೆ ಮೆಟ್ಟಿಲು ಎಣಿಸುತ್ತಿದ್ದಾರೆ. ಇಬ್ಬರೂ ಒಂದೇ ಪ್ಲೇಟ್ ಭಜಿ ತಿಂದು ಸಮಾಧಾನವಾದರು.

ಮೊಬೈಲಿನಲ್ಲಿ ಹುಡುಕೋಣ ಎಂದೆ. ಇ-ಕೋರ್ಟ್ಸ್‌ನಲ್ಲಿ ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಇರುತ್ತದೆ, ಅದಿದ್ದರೆ ಕ್ಷಣದ ಕೆಲಸ. ಅದಿಲ್ಲದವರು ಹೆಸರು ಮತ್ತು ವರ್ಷ ಕೊಟ್ಟು ಹುಡುಕಬೇಕು. ಬೀದರ ಜಿಲ್ಲೆಯಲ್ಲಿ ಶಿವಕುಮಾರ ಎಂದು ಹೊಡೆದು ನೋಡಿ! ಇಂಗ್ಲಿಷಿನಲ್ಲಿ ನಡುವೆ ಒಂದು ಎ ಹಾಕಿದವರು ಒಂದು ಸಾಲು, ಹಾಕದವರು ಇನ್ನೊಂದು ಸಾಲು. ಹೆಂಡತಿಯ ಹೆಸರಿನಿಂದ ಹುಡುಕೋಣವೆಂದರೆ ಅಲ್ಲಿ ಬೇರೆ ತಂಟೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಕ್ಕಿಕಾಳು ಬಿದ್ದ ದಿನವೇ ಸೊಸೆಗೆ ಹೊಸ ಹೆಸರು. ತವರಲ್ಲಿ ಅಂಬಿಕಾ, ಅತ್ತೆಮನೆಯಲ್ಲಿ ಮಹಾನಂದಾ. ಆಧಾರದಲ್ಲಿ ಒಂದು, ಲಗ್ನಪತ್ರಿಕೆಯಲ್ಲಿ ಒಂದು, ಕೋರ್ಟಿನ ಅರ್ಜಿಯಲ್ಲಿ ಎರಡನ್ನೂ ಉರ್ಫ್ ಹಾಕಿ ಜೋಡಿಸಿದ್ದು. ಬಿಟ್ಟು ಹೋದವಳು ಯಾವ ಹೆಸರಿನಿಂದ ಬಿಟ್ಟು ಹೋದಳು ಎಂಬುದು ಕಾಕಾನಿಗೆ ಗೊತ್ತಿಲ್ಲ. ಅವನು ಅವಳನ್ನು ಕರೆಯುತ್ತಿದ್ದದ್ದೇ "ಏ ಹುಡುಗಿ" ಎಂದು.

ವರ್ಷ ಯಾವುದು ಎಂದರೆ, "ಮಾಂಜ್ರಾ ತುಂಬಿ ಹರಿದಿತ್ತಲ್ಲ, ಆ ವರ್ಷ" ಎಂದ. ಮಾಂಜ್ರಾಕ್ಕೆ ಹರಿಯಲು ಒಂದೇ ವರ್ಷವೆ?

ಹುಡುಗನ ಬಳಿ ಡಿಕ್ರಿ ಇರಲೇಬೇಕಲ್ಲ, ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಂತೆ ಗಂಡ-ಹೆಂಡತಿ ಇಬ್ಬರಿಗೂ ಕೋರ್ಟು ಒಂದೊಂದು ಪ್ರತಿ ಫುಕಟ್ ಕೊಡುತ್ತದೆ ಎಂದೆ. ಇತ್ತಂತೆ. ಮನೆ ಕೆಡವಿ ಸ್ಲ್ಯಾಬ್ ಹಾಕುವಾಗ ಟ್ರಂಕಿನಿಂದ ತೆಗೆದು ಎಲ್ಲೋ ಇಟ್ಟರಂತೆ. 1954ರ ಖಾಸರಾ ಪಹಣಿ ಮಾತ್ರ ಅದೇ ಟ್ರಂಕಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗಿತ್ತು. ಹೊಲದ ಕಾಗದಕ್ಕೆ ಇರುವ ಮರ್ಯಾದೆ ನಮ್ಮಲ್ಲಿ ಸಂಸಾರದ ಕಾಗದಕ್ಕಿಲ್ಲ.

ಕೊನೆಗೆ ನಂಬರು ಸಿಕ್ಕಿದ್ದು ವಕೀಲರ ಗುಮಾಸ್ತನ ಹಳೆಯ ಡೈರಿಯಲ್ಲಿ. ತಾರೀಖಿನ ಮುಂದೆ ಎಂ.ಸಿ. ನಂಬರು, ಅದರ ಮುಂದೆ ಪೆನ್ಸಿಲಿನಲ್ಲಿ "ಕೊಳಾರ ಪಾರ್ಟಿ, ಬಾಕಿ ಅದ". ಕಾಕಾ ಆ ಎರಡನೇ ಭಾಗ ಓದಲಿಲ್ಲ, ಕನ್ನಡಕ ಮನೆಯಲ್ಲಿತ್ತು.

ಊರಿನ ಮಾಹಿತಿ ಹಕ್ಕಿನ ಹುಲಿಯೊಬ್ಬ ಹತ್ತು ರೂಪಾಯಿ ಅರ್ಜಿ ಒಗೆದು ತರಿಸಿಕೊಡುತ್ತೇನೆ ಎಂದು ಮೀಸೆ ತಿರುವಿದ. 2020ರ ಮಾರ್ಚಿನಲ್ಲೇ ಸುಪ್ರೀಂ ಕೋರ್ಟು ಆ ದಾರಿ ಮುಚ್ಚಿದೆ; ಕೋರ್ಟಿನ ದಾಖಲೆಯ ನಕಲು ಬೇಕಾದರೆ ಕೋರ್ಟಿನ ನಿಯಮದಂತೆಯೇ ಕೇಳಬೇಕು. ನಿಯಮ ಕಷ್ಟದ್ದೂ ಅಲ್ಲ. ಕೇಸಿನ ಪಾರ್ಟಿ ತಾನೇ, ಇಲ್ಲವೆ ವಕೀಲರ ಮೂಲಕ, ನಕಲು ಶಾಖೆಗೆ ಅರ್ಜಿ ಹಾಕಿ ಫೀ ಕಟ್ಟಬೇಕು. ಮುಗಿದ ಕೇಸಿನ ಕಟ್ಟು ರೆಕಾರ್ಡ್ ರೂಮಿನಿಂದ ಇಳಿದು ಬರಬೇಕು. ಮೂರನೆಯವರಾದರೆ ಯಾಕೆ ಬೇಕು ಎಂದು ಅಫಿಡವಿಟ್ ಕೊಡಬೇಕು. "ನಾ ಮೂರನೇಯವನೇನ? ಮದುವಿ ಮಾಡಿಸಿದಾಂವ ನಾ, ಬಿಡಿಸಿದಾಂವ ನಾ!" ಎಂದು ಕಾಕಾ ಕೆರಳಿದ. ಹುಡುಗನೇ ಹೈದರಾಬಾದಿನಿಂದ ಬಂದು ಸಹಿ ಹಾಕಿದ.

ಹೆಣ್ಣುಮಕ್ಕಳ ಪಾಡಿನಲ್ಲಿ ಇಷ್ಟು ತಮಾಷೆ ಇಲ್ಲ. ಗಂಡನ ಮನೆಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು, ಮನಸ್ವಿನಿ ಪಗಾರಕ್ಕೆ ವಿಚ್ಛೇದಿತೆ ಎಂದು ತೋರಿಸಬೇಕು, ಪಾಸ್‌ಪೋರ್ಟಿನಿಂದ ಗಂಡನ ಹೆಸರು ಹೋಗಬೇಕು; ಎಲ್ಲದಕ್ಕೂ ಕಾಗದ. ಬಾಂಡ್ ಪೇಪರು ಹಿಡಿದು ಅಲೆಯುವವರೇ ಹೆಚ್ಚು. 1987ರ ಕಾನೂನು ಸೇವಾ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಫುಕಟ್ ಸಿಗುತ್ತಾರೆ. ಚಹಾದಂಗಡಿಯಲ್ಲಿ ಈ ಸುದ್ದಿ ಯಾಕೋ ಯಾರೂ ಹೇಳುವುದಿಲ್ಲ.

ಹೆಣ್ಣನ್ನು ನಿಲ್ಲಿಸಿ ವಿಚಾರಿಸುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಶೂನ್ಯಸಂಪಾದನೆಯ ಪ್ರಕಾರ, ಕೌಶಿಕನನ್ನು ಬಿಟ್ಟು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಅಲ್ಲಮಪ್ರಭು ಕೇಳಿದ್ದೂ ನಿನ್ನ ಗಂಡ ಯಾರೆಂದೇ. ಅಕ್ಕ ಚೆನ್ನಮಲ್ಲಿಕಾರ್ಜುನನ ಹೆಸರು ಹೇಳಿ ಗೆದ್ದಳು. ಈಗ ಯಾವ ಕೌಂಟರಿನಲ್ಲಾದರೂ ಆ ಹೆಸರು ಹೇಳಿದರೆ ಆಧಾರ್ ಲಿಂಕ್ ಆಗಿದೆಯೇ ಎನ್ನುತ್ತಾರೆ.

ನಕಲು ಬಂತು. ಹಿಂದುಗಡೆ ಶಿಕ್ಕಾದೊಳಗೆ ಅರ್ಜಿ ಬಂದ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ. ಕಾಕಾ ಅದನ್ನು ಲ್ಯಾಮಿನೇಷನ್ ಮಾಡಿಸಲು ಹೊರಟಿದ್ದ, ತಡೆದು ನಿಲ್ಲಿಸಿದೆ. ಭಾಲ್ಕಿಯವರು ಬಂದರು, ಚೂಡಾ ತಿಂದರು, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲ ಬರೋಬ್ಬರಿ ಅದ್ರಿ. ಆದರ ಅಪೀಲಿಗೆ 90 ದಿನ ಟೈಮ್ ಇರ್ತದಂತಲ್ರಿ. ಆ ಕಡೆಯವರು ಅಪೀಲ್ ಹಾಕಿಲ್ಲಂಬೋದಕ್ಕ ಏನರ ಕಾಗದ ಅದೇನ್ರಿ?"

ಕಾಕಾ ನನ್ನ ಕಡೆ ತಿರುಗಿದ. "ಮಾಸ್ತರ್, ಹಾಕದೇ ಇದ್ದದ್ದು ಯಾವ ರೂಮಿನಾಗ ಇಟ್ಟಿರ್ತಾರ?"