ಒಂದು ಪ್ಯಾಕೇಜಿಗಾಗಿ ಇಡೀ ಸಿಸ್ಟಮ್ ಕದಡಬೇಡಿ: ನಮ್ಮ ಕಡೆಯ ಮಕ್ಕಳಿಗೆ ಬಹಿರಂಗ ಪತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದ ಕಂಪ್ಯೂಟರ್ ಓದಲು ಮೈಸೂರು, ಬೆಂಗಳೂರು ಸೇರಿರುವ ಮಕ್ಕಳೇ,

ಜಿಸಿಸಿ ಮೇಲೋ ಕ್ಲಾಂಗ್ ಮೇಲೋ ಎಂದು ಪಕ್ಷ ಕಟ್ಟಿಕೊಂಡು ವಾದಿಸುತ್ತೀರಿ. ವಾದಿಸಿ, ಬೇಡವೆನ್ನುವುದಿಲ್ಲ. ಆದರೆ ಗೆದ್ದ ಕಂಪೈಲರನ್ನೇ ಇಡೀ ಸಿಸ್ಟಮ್ಮಿಗೆ ಹೇರುವ ಹಟ ಬಿಡಿ. ಯಾವ ಪ್ಯಾಕೇಜಿಗೆ ಯಾವುದು ಹೊಂದುತ್ತದೋ ಅದನ್ನು ಕೊಡಿ.

ನಿಮ್ಮ ಮನೆಯ ಹಿರಿಯರನ್ನು ಕೇಳಿ. ಮಾಗಿದ ತಂಬಾಕಿನ ಎಲೆಯನ್ನೂ ಎಳೆಯದನ್ನೂ ಬೆರೆಸಿ ಬ್ಯಾರನ್ನಿಗೆ ತುಂಬಿ ಒಂದೇ ಶಾಖ ಕೊಡಲು ಅವರು ಒಪ್ಪುವುದಿಲ್ಲ. ಒಂದು ಹಳದಿಗೆ ತಿರುಗುವಷ್ಟರಲ್ಲಿ ಇನ್ನೊಂದು ಹಸಿರಾಗಿಯೇ ಒಣಗಿದರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ.

ಪ್ಯಾಕೇಜುಗಳೂ ಹಾಗೆಯೇ. ಫೈರ್‌ಫಾಕ್ಸ್ ನೋಡಿ. ಅದರಲ್ಲಿ ಸಿ++ ಜೊತೆಗೆ ರಸ್ಟ್ ಭಾಷೆಯ ಕೋಡೂ ಇದೆ. ರಸ್ಟ್ ಕಂಪೈಲರ್ ನಿಂತಿರುವುದು ಎಲ್‌ಎಲ್‌ವಿಎಂ ಮೇಲೆ, ಕ್ಲಾಂಗ್ ಕೂಡ ಅದರ ಮೇಲೆಯೇ. ಹಾಗಾಗಿ ಎರಡೂ ಭಾಷೆಯ ಕೋಡನ್ನು ಒಟ್ಟಿಗೆ ನೋಡಿ ಚುರುಕುಗೊಳಿಸಲು ಸಾಧ್ಯ. ಮೊಜಿಲ್ಲಾ 2018ರಲ್ಲಿ ತನ್ನ ಬಿಲ್ಡ್‌ಗಳನ್ನು ಕ್ಲಾಂಗ್‌ಗೆ ಒಯ್ದದ್ದು ಸುಮ್ಮನೆ ಅಲ್ಲ. ಆದರೆ ಜಿಲಿಬ್‌ಸಿಯಂಥ ಬುಡದ ಲೈಬ್ರರಿ ಬೆಳೆದದ್ದು ಜಿಸಿಸಿಯ ಆಸರೆಯಲ್ಲಿ. ಅದನ್ನು ಮುಟ್ಟಬೇಡಿ.

ಜೆಂಟೂ ಬಳಸುವವರಿಗೆ ದಾರಿ ಸಲೀಸು. ಮೇಕ್.ಕಾನ್ಫ್‌ನಲ್ಲಿ ಬರೆದದ್ದು ಎಲ್ಲಕ್ಕೂ ತಾಗುತ್ತದೆ, ಅದನ್ನು ಹಾಗೇ ಬಿಡಿ. ಪೋರ್ಟೇಜ್‌ನ ಎನ್ವ್ ಫೋಲ್ಡರಿನಲ್ಲಿ ಬೇರೊಂದು ಸಣ್ಣ ಫೈಲು ಮಾಡಿ, ಸಿಗೆ ಕ್ಲಾಂಗ್, ಸಿ++ಗೆ ಕ್ಲಾಂಗ್++ ಎಂದು ಎರಡು ಸಾಲು ಬರೆಯಿರಿ. ಆಮೇಲೆ ಪ್ಯಾಕೇಜ್.ಎನ್ವ್‌ನಲ್ಲಿ ಪ್ಯಾಕೇಜಿನ ಹೆಸರು ಹಾಕಿ, ಪಕ್ಕದಲ್ಲಿ ಆ ಫೈಲಿನ ಹೆಸರು ಸೇರಿಸಿ. ಫೆಡೋರಾದಲ್ಲೂ ಸಕಾರಣವಿದ್ದರೆ ಪ್ಯಾಕೇಜ್ ಕಟ್ಟುವವರು ಸ್ಪೆಕ್ ಫೈಲಿನ ಒಂದೇ ಸಾಲಿನಲ್ಲಿ ಕ್ಲಾಂಗ್ ಆರಿಸಬಹುದು.

ಎಡವುವುದು ಎಲ್ಲಿ ಎಂದೂ ಹೇಳಿಬಿಡುತ್ತೇನೆ. ಕಂಪೈಲರ್ ಬೇರೆಯಾದ ಮಾತ್ರಕ್ಕೆ ಪ್ಯಾಕೇಜುಗಳು ಮುನಿಸಿಕೊಳ್ಳುವುದಿಲ್ಲ. ಸಿ++ನ ಮೂಲ ಲೈಬ್ರರಿ ಬೇರೆಯಾದಾಗ ಗೋಳು ಶುರು. ಒಂದು ಪ್ಯಾಕೇಜು ಲಿಬ್‌ಎಸ್‌ಟಿಡಿಸಿ++, ಅದನ್ನು ಕರೆಯುವುದು ಲಿಬ್‌ಸಿ++ ಹಿಡಿದರೆ ಸ್ಟ್ರಿಂಗ್‌ನಂಥ ಸರಳ ವಸ್ತುವೂ ಇಬ್ಬರಿಗೂ ಬೇರೆ ಬೇರೆ. ಲಿಂಕರ್ ಅಲ್ಲಿಯೇ ಕೈಚೆಲ್ಲುತ್ತದೆ. ಲಿಂಕ್ ಮಾಡುವಾಗ ಕೋಡನ್ನು ಚುರುಕುಗೊಳಿಸುವ ಎಲ್‌ಟಿಓ ಹಚ್ಚಿ ಒಂದು ಕಂಪೈಲರ್ ಉಳಿಸಿಟ್ಟ ಮಧ್ಯಂತರ ರೂಪವನ್ನು ಇನ್ನೊಂದು ಓದಲಾರದು. ನಮ್ಮ ಒತ್ತಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಈ ರಗಳೆಯಿಂದ ದೂರ. ಅದನ್ನು ಬರೆದಿರುವುದು ಸಿ++ನಲ್ಲಿ, ಆದರೆ ಹೊರಗಿನವರಿಗೆ ಅದು ತೋರುವುದು ಸಿ ಮುಖ. ಯಾವ ಕಂಪೈಲರ್‌ನಿಂದ ಬಂದ ಪ್ರೋಗ್ರಾಮೂ ಅದನ್ನು ಕರೆಯಬಹುದು. ‘ಲಕ್ಷ್ಮಿ’ ಎಂದು ಬರೆದಾಗ ಕ್ಷ, ಮ ಒಂದಕ್ಕೊಂದು ಅಂಟಿ ಕೂರುವುದರ ಹಿಂದೆ ಇಂಥ ಎಚ್ಚರವೂ ಇದೆ, ಅದನ್ನು ಕಲಿಯಿರಿ.

ಒಂದು ಕೋರಿಕೆ. ಪ್ಯಾಕೇಜ್.ಎನ್ವ್‌ಗೆ ಸೇರಿಸಿದ ಪ್ರತಿ ಸಾಲಿನ ಮೇಲೆ, ಯಾಕೆ ಬದಲಿಸಿದಿರಿ, ಯಾವ ಆವೃತ್ತಿಯಲ್ಲಿ ತೊಡಕು ಕಂಡಿತು ಎಂದು ಬರೆದಿಡಿ. ಹೊಸ ಆವೃತ್ತಿ ಬಂದಾಗ ಆ ಸಾಲು ತೆಗೆದು ಒಮ್ಮೆ ಕಟ್ಟಿ ನೋಡಿ. ಕಟ್ಟಿಕೊಂಡರೆ ಅಳಿಸಿ. ಕಟ್ಟದಿದ್ದರೆ ಆ ಪ್ಯಾಕೇಜಿನ ಮೂಲದವರಿಗೆ ದೋಷ ವರದಿ ಕಳಿಸಿ.

ನಿಮ್ಮ ಕಡೆಯವನೇ ಒಬ್ಬ