ಶಿಶುತಾರಾ ವಾಯುಭೇದ ಪ್ರಕರಣ

ಗಾಳಿಯೆಂದರೆ ಶ್ರಾವಣದಲ್ಲಿ ಸಾಧನಕೇರಿಯ ಮೇಲೆ ಬೀಸುವುದಷ್ಟೇ ಎಂದು ನಂಬಿದ ಧಾರವಾಡಿಗರ ಉಪಯೋಗಾರ್ಥ, ಹುಟ್ಟುತ್ತಿರುವ ನಕ್ಷತ್ರಗಳು ಬಿಡುವ ಗಾಳಿಯ ಭೇದಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಮೊದಲನೆಯದು ಬೀಸುಗಾಳಿ. ಇದು ಕಣ್ಣಿಗೆ ಬೀಳದು. ರೋಹಿತದಲ್ಲಿ ಹೈಡ್ರೋಜನ್ ರೇಖೆಯ ನೀಲಿ ಬದಿ ತಿಂದುಹೋಗಿದ್ದರೆ, ಗಾಳಿ ನಮ್ಮ ಕಡೆ ಹೊರಟಿದೆಯೆಂದು ತಿಳಿಯತಕ್ಕದ್ದು. ಉದಾಹರಣೆ: ಮಹಾವ್ಯಾಧದ ವಿ 1647 ಓರಿಯಾನಿಸ್. ಅದು ಒಮ್ಮೆಲೇ ಉರಿದೆದ್ದಾಗ ಹೊಳೆದ ಮಂಜನ್ನು 2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ಜೇ ಮೆಕ್‌ನೀಲ್ ಮೂರಿಂಚಿನ ದೂರದರ್ಶಕದಿಂದ ಹಿಡಿದ. ನಮ್ಮವರು ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ಅತ್ತ ತಿರುಗಿಸಿ ರೋಹಿತ ಪಡೆದರು. ಹುಬ್ಬಳ್ಳಿಗೆ ಇಂಥ ಭಾಗ್ಯ ಯಾವಾಗಲೋ!

ಎರಡನೆಯದು ಚಿಮ್ಮುಗಾಳಿ. ನಕ್ಷತ್ರವನ್ನು ಸುತ್ತುವ ಅನಿಲದ ತಟ್ಟೆಯ ಎರಡೂ ಮುಖಗಳಿಂದ ಸೂಜಿಯಂತೆ ನೆಟ್ಟಗೆ ಹೊರಡುತ್ತದೆ. ವೇಗ ಸೆಕೆಂಡಿಗೆ ಕೆಲವು ನೂರು ಕಿಲೋಮೀಟರ್. 300 ಎಂದೇ ಹಿಡಿದರೂ, ಇದೇ ವೇಗದ ಚಿಗರಿ ಬಸ್ಸು ಒಂದು ಸೆಕೆಂಡಿನಲ್ಲಿ ಹುಬ್ಬಳ್ಳಿ–ಧಾರವಾಡಕ್ಕೆ ಆರೇಳು ಸಲ ಹೋಗಿ ಬಂದೀತು. ನವಲೂರಿನಲ್ಲಿ ಇಳಿಯುವವರ ಗತಿಯ ಬಗ್ಗೆ ಶಾಸ್ತ್ರ ಮೌನ.

ಮೂರನೆಯದು ನೂಕುಗಾಳಿ. ಇದರ ಸರಕು ಬಹುಪಾಲು ನಕ್ಷತ್ರದ್ದಲ್ಲ, ನೆರೆಯ ತಣ್ಣನೆಯ ಮೋಡದ್ದು. ನಿಧಾನ, ಆದರೆ ಭಾರ. 1980ರಲ್ಲಿ ವೃಷಭದ ಎಲ್ 1551 ಮೋಡದಲ್ಲಿ ಸ್ನೆಲ್, ಲೋರೆನ್, ಪ್ಲ್ಯಾಂಬೆಕ್ ಎಂಬ ಮೂವರು ಕಾರ್ಬನ್ ಮಾನಾಕ್ಸೈಡಿನ ರೇಡಿಯೋ ಅಲೆಗಳಲ್ಲಿ ಇದನ್ನು ಕಂಡರು.

ನಾಲ್ಕನೆಯದಾದ ಗುದ್ದುಗುರುತು ಗಾಳಿಯೇ ಅಲ್ಲ. ಆದರೂ ಪಂಡಿತರನ್ನು ಹೆಚ್ಚು ಕಾಡಿದ್ದು ಇದೇ. 1890ರಲ್ಲಿ ಬರ್ನ್‌ಹ್ಯಾಮ್ ಟಿ ಟೌರಿ ನಕ್ಷತ್ರದ ಮಗ್ಗುಲಲ್ಲಿ ಒಂದು ಮಬ್ಬು ಚುಕ್ಕೆ ಕಂಡು ಬರೆದಿಟ್ಟ. ಅರ್ಧ ಶತಮಾನದ ಮೇಲೆ ಹರ್ಬಿಗ್ ಮತ್ತು ಹಾರೊ ಬೇರೆ ಬೇರೆಯಾಗಿ ಇಂಥ ಚುಕ್ಕೆಗಳ ಬೆನ್ನುಹತ್ತಿದರು, ಅವರ ಹೆಸರೇ ಅವಕ್ಕೆ ಅಂಟಿತು. ಇವೇ ಹಸುಗೂಸು ನಕ್ಷತ್ರಗಳೆಂದು ಕೆಲವರು ತೊಟ್ಟಿಲು ತೂಗಲಿಕ್ಕೂ ಸಿದ್ಧರಾದರು. ಗಾಳಿ ಮೋಡಕ್ಕೆ ಡಿಕ್ಕಿ ಹೊಡೆದಲ್ಲಿ ಏಳುವ ಬೆಳಕಿದು ಎಂಬ ದಾರಿಯನ್ನು 1975ರಲ್ಲಿ ತೋರಿಸಿದವನು ಶ್ವಾರ್ಟ್ಸ್. ಕೂಸು ಬೇರೆಲ್ಲೋ ಇತ್ತು.

ಆಕ್ಷೇಪ: ಈ ನಾಲ್ಕೂ ಒಂದೇ ಗಾಳಿಯ ಸಂಸಾರವಲ್ಲವೇ? ಹೌದು. ರೋಹಿತದವನಿಗೆ ಮೊದಲನೆಯದು, ಕ್ಯಾಮೆರಾದವನಿಗೆ ಎರಡು ಮತ್ತು ನಾಲ್ಕು, ರೇಡಿಯೋದವನಿಗೆ ಮೂರನೆಯದು ಪಾಲಿಗೆ ಬಂತು, ಅಷ್ಟೇ. ತಟ್ಟೆಯ ಅನಿಲ ಗಿರಗಿರ ಸುತ್ತುತ್ತಿರುವುದರಿಂದ ತನ್ನ ಸುತ್ತನ್ನು ಕಳೆದುಕೊಳ್ಳದೆ ನಕ್ಷತ್ರದೊಳಗೆ ಬೀಳಲಾರದು. ಬೀಳುವ ಅನಿಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಕಾಂತಕ್ಷೇತ್ರ ಹೊರಗೆಸೆದು ಆ ಸುತ್ತನ್ನು ಕಳಿಸಿಕೊಡುತ್ತದೆ. ಈ ಎಸೆತ ತಟ್ಟೆಯ ಒಳ ಅಂಚಿನಿಂದಲೋ ಇಡೀ ತಟ್ಟೆಯಿಂದಲೋ ಎಂಬಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷ. ಎರಡೂ ಇದ್ದೀತೆನ್ನುವುದು ಮೂರನೆಯ ಪಕ್ಷ. ಆದ್ದರಿಂದ ಐದನೆಯ ಭೇದಕ್ಕೆ ಕೆಳಗೆ ಜಾಗ ಬಿಟ್ಟಿದೆ.