ಒರೆಸಿದರೆ ಹೋಗುತ್ತೆ

ಗಾಜಿನ ಕೆಲಸದವರ ಲೆಕ್ಕದಲ್ಲಿ ಜೋಡಿಗಾಜಿನ ಕಿಟಕಿಗೆ ನಾಲ್ಕು ಮೈ. ಬಿಸಿಲು ಮಳೆಗೆ ಒಡ್ಡಿಕೊಂಡದ್ದು ಒಂದನೆಯದು, ಮನೆಯವರ ಕಡೆ ತಿರುಗಿದ್ದು ನಾಲ್ಕನೆಯದು. ಒಂದನ್ನು ಮಳೆ ತೊಳೆಯುತ್ತದೆ. ನಾಲ್ಕನ್ನು ಹೆಂಡತಿ ನೆನಪು ಮಾಡಿದಾಗ ಗಂಡ ಒರೆಸುತ್ತಾನೆ. ಎರಡು ಮತ್ತು ಮೂರು ಮಾತ್ರ ಒಂದರ ಮುಖ ಒಂದು ನೋಡಿಕೊಂಡು, ನಡುವೆ ಚೂರು ಗಾಳಿ ಇಟ್ಟುಕೊಂಡು, ಯಾರ ಹಂಗೂ ಇಲ್ಲದೆ ಕೂತಿರುತ್ತವೆ. ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಕೊಳೆಯೂ ಆಗಬಾರದು. ಆದರೆ ಆಗುತ್ತದೆ. ನಮ್ಮ ಆರ್‌ವಿಯಲ್ಲಿ ಆಯಿತು.

ಆರ್‌ವಿ ಎಂದರೆ ಅಮೆರಿಕದವರು ಗಾಲಿ ಕಟ್ಟಿ ರಸ್ತೆಗಿಳಿಸಿದ ಮನೆ. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಅದರಲ್ಲೇ. ಬಚ್ಚಲ ನೀರು ಹೋಗುವ ತೊಟ್ಟಿಯೂ ಅದರಲ್ಲೇ. ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಒಂದು ಮನೆಯ ಸಾಲ ತೀರುವ ಮೊದಲೇ ಇನ್ನೊಂದು ಮನೆ ಮಾಡಿದವರು ಎಂದು ಹೇಳಿಕೊಳ್ಳುವ ಭಾಗ್ಯ ನಮಗೆ ಬಂದದ್ದು ಈ ಸೆಕೆಂಡ್ ಹ್ಯಾಂಡ್ ಗಾಡಿಯಿಂದ. ಮಾರಿದ ಅಜ್ಜ ಎಂಜಿನ್ನಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಕಿಟಕಿಗಳನ್ನು ಬೆರಳಿನಿಂದ ತಟ್ಟಿ, "ಎಲ್ಲವೂ ಜೋಡಿಗಾಜು, ಚಳಿ ಒಳಗೆ ಬರುವುದಿಲ್ಲ" ಎಂದ. ಚಳಿ ಬರಲಿಲ್ಲ ನಿಜ. ಏನು ಬರಬಹುದು ಎಂಬುದನ್ನು ಅವನು ಹೇಳಲಿಲ್ಲ.

ಒಂದು ಬೆಳಿಗ್ಗೆ ಊಟದ ಮೇಜಿನ ಪಕ್ಕದ ದೊಡ್ಡ ಕಿಟಕಿಯ ಕೆಳಮೂಲೆಯಲ್ಲಿ ಅಂಗೈಯಗಲ ಮಸುಕು ಕಾಣಿಸಿತು. ನನ್ನ ಹೆಂಡತಿ ಸುಮ ಬಟ್ಟೆ ತಂದು ಒರೆಸಿ, "ರೀ, ಇದು ಹೊರಗಡೆ ಇದೆ, ನೀವು ಹೋಗಿ ಒರೆಸಿ" ಅಂದಳು. ಹೋಗಿ ಒರೆಸಿದೆ. ಮಸುಕು ಅಲ್ಲೇ ಇತ್ತು. "ಒಳಗಡೆ ಇದೆ ಕಣೇ" ಎಂದು ಕೂಗಿದೆ. ಜೋಡಿಗಾಜು ಶಬ್ದವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಸಂಸಾರಿಗಳಿಗೆ ಅದರಿಂದ ಆಗುವ ಉಪಕಾರ ದೊಡ್ಡದು. ಮಾತು ಕೇಳದೆ ಅವಳು ಒಳಗಿನಿಂದ ಬೆರಳಿಟ್ಟು ತೋರಿಸಿದಳು, ನಾನು ಹೊರಗಿನಿಂದ ಬೆರಳಿಟ್ಟು ತೋರಿಸಿದೆ. ಇಬ್ಬರ ಬೆರಳೂ ಒಂದೇ ಕಲೆಯ ಮೇಲೆ, ಎದುರುಬದುರು. ಪಕ್ಕದ ಗಾಡಿಯ ಅಮೆರಿಕನ್ ಅಜ್ಜಿ ಕಾಫಿ ಹಿಡಿದು ನಿಂತಿದ್ದವರು ಇದು ಭಾರತೀಯ ದಂಪತಿಗಳ ಪ್ರಾತಃಕಾಲದ ವಿಧಿ ಇರಬೇಕೆಂದುಕೊಂಡು ನಮ್ಮತ್ತ ಭಕ್ತಿಯಿಂದ ತಲೆಬಾಗಿದರು.

ಮಧ್ಯಾಹ್ನ ಬಿಸಿಲೇರಿದಾಗ ಮಸುಕು ಮಾಯವಾಯಿತು. ಮರುದಿನ ಬೆಳಿಗ್ಗೆ, ಇನ್ನೊಂದು ಅಂಗೈಯನ್ನು ಜೊತೆಗೆ ಸೇರಿಸಿಕೊಂಡು ಹಾಜರಾಯಿತು.

ಆ ವರ್ಷ ಹಾಸನದಿಂದ ಅಮ್ಮ ಬಂದರು. ಗಾಡಿಯೊಳಗೆ ಕಾಲಿಟ್ಟವರು ಮಂಚ ನೋಡಲಿಲ್ಲ, ಒಲೆ ನೋಡಲಿಲ್ಲ. ಸೀದಾ ಆ ಕಿಟಕಿ ಹತ್ತಿರ ಹೋಗಿ, ಸೆರಗಿನ ತುದಿಯಿಂದ ಒರೆಸಿದರು.

"ಅಮ್ಮಾ, ಅದು ಎರಡು ಗಾಜಿನ ಮಧ್ಯೆ ಇದೆ."

"ಹೌದಾ?" ಎಂದು ಮತ್ತೊಮ್ಮೆ ಒರೆಸಿದರು. "ಸರಿಯಾಗಿ ಒರ್ಸಿದ್ರೆ ಹೋಗುತ್ತೆ ಕಣೋ. ನೀವು ಒರ್ಸೋದೇ ಕಲ್ತಿಲ್ಲ. ಲಾಟೀನಿನ ಗಾಜನ್ನ ಬೂದಿ ಹಾಕಿ ಫಳಫಳ ಅನ್ನಿಸ್ತಿದ್ದೆ ನಾನು, ಇದೇನು ಮಹಾ!"

ಕ್ಯಾಂಪಿನ ಬೆಂಕಿಗುಂಡಿಯಿಂದ ಬೂದಿ ಬಂತು. ಅದಾದ ಮೇಲೆ ನಿಂಬೆಹಣ್ಣು, ವಿನಿಗರ್, ಹಳೆಯ ಪೇಪರು. ಒಂದು ಮಧ್ಯಾಹ್ನದ ಶ್ರಮಕ್ಕೆ ಒಂದನೆಯ ಮೈಯೂ ನಾಲ್ಕನೆಯ ಮೈಯೂ ಎಷ್ಟು ಹೊಳೆದವೆಂದರೆ, ನಡುವಿನ ಮಸುಕು ಹಿಂದೆಂದೂ ಇಲ್ಲದಷ್ಟು ಸ್ವಚ್ಛವಾಗಿ ಕಂಡಿತು.

ಅಮ್ಮ ಒಬ್ಬರನ್ನೇ ಹೇಳಿ ಪ್ರಯೋಜನವಿಲ್ಲ. ಕೈಗೆ ಸಿಗುವ ಕೊಳೆಯನ್ನು ಮನುಷ್ಯ ವರ್ಷಗಟ್ಟಲೆ ಸಹಿಸುತ್ತಾನೆ. ಕೈಗೆ ಸಿಗದ ಕೊಳೆಯನ್ನು ಒಂದು ನಿಮಿಷ ಸಹಿಸಲಾರ. ನಮ್ಮ ಗಾಡಿಗೆ ಬಂದವರೆಲ್ಲರೂ ನಾನು ಹೇಳುವುದನ್ನು ಪೂರ್ತಿ ಕೇಳುತ್ತಾರೆ, "ಓ, ನಡುವೆ ಇದೆಯಾ" ಎನ್ನುತ್ತಾರೆ, ಆಮೇಲೆ ಒರೆಸುತ್ತಾರೆ. ಸಾಫ್ಟ್‌ವೇರಿನವರು ತೋರುಬೆರಳಿನಿಂದ ಒರೆಸಿ, ಬೆರಳನ್ನು ಪರೀಕ್ಷಿಸಿದರು. ಡಾಕ್ಟರೊಬ್ಬರು ಒರೆಸಿ, ಯಾವಾಗಿನಿಂದ ಹೀಗಿದೆ, ರಾತ್ರಿ ಹೊತ್ತು ಹೆಚ್ಚಾಗುತ್ತಾ ಎಂದು ವಿಚಾರಿಸಿದರು. ಒರೆಸದೆಯೇ ನನ್ನ ಮಾತು ನಂಬಿದವನು ನನ್ನ ಮಗ ಒಬ್ಬನೇ. ಅವನು ಈವರೆಗೆ ಯಾವ ಗಾಜನ್ನೂ ಒರೆಸಿದವನಲ್ಲ.

ಇಷ್ಟಾದ ಮೇಲೆ ತಪ್ಪು ಯಾರದು ಎಂಬ ವಿಚಾರಣೆ ನಡೆಯಲೇಬೇಕಲ್ಲ. ಮೊದಲ ಆರೋಪಿ ಇಡ್ಲಿ. ಅಷ್ಟು ಸಣ್ಣ ಗಾಡಿಯಲ್ಲಿ ಇಡ್ಲಿ ಪಾತ್ರೆ ಇಟ್ಟರೆ ಹಬೆ ಇನ್ನೆಲ್ಲಿಗೆ ಹೋದೀತು ಎಂದು ನಾನು ವಾದ ಹೂಡಿದೆ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಮಗ ಇನ್ನೊಂದು ಸಾಕ್ಷ್ಯ ತಂದ: ಒಲೆಯಲ್ಲಿ ಒಂದು ಕಿಲೋ ಪ್ರೊಪೇನ್ ಅನಿಲ ಪೂರ್ತಿ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹೊರಬರುತ್ತದೆ. ಬೆಂಕಿಯಿಂದ ನೀರು ಹುಟ್ಟುತ್ತದೆ, ಅದೂ ಉರಿದದ್ದಕ್ಕಿಂತ ಹೆಚ್ಚಿಗೆ ಎಂದರೆ ಅಮ್ಮ ಒಪ್ಪಲಿಲ್ಲ. "ಅದಕ್ಕೇ ನಿಮ್ಮ ಈ ದೇಶದಲ್ಲಿ ಸಾರು ನೀರಾಗೋದು" ಎಂದು ಮಾತ್ರ ಹೇಳಿದರು. ಸುಮ ವಾದ ಮಾಡಲಿಲ್ಲ. ತಣ್ಣಗಿದ್ದ ಕಿಟಕಿಯ ನಾಲ್ಕನೆಯ ಮೈಮೇಲೆ ಇಡ್ಲಿ ಹಬೆ ಕೂತಿದ್ದಾಗ ಬಟ್ಟೆಯಿಂದ ಒಂದು ಸಲ ಒರೆಸಿ, "ನನ್ನ ಇಡ್ಲಿದು ಇದು, ಹೋಯ್ತು. ಉಳಿದಿದ್ದು ಯಾರದು ಹೇಳಿ" ಅಂದಳು. ಇಡ್ಲಿ ಖುಲಾಸೆಯಾಯಿತು.

ಉಳಿದದ್ದು ಯಾರದು ಎಂದು ತಿಳಿಯಬೇಕಾದರೆ ಗಾಜಿನ ಅಂಚಿಗೆ ಬರಬೇಕು. ಎರಡು ಗಾಜಿನ ನಡುವೆ ಗಾಳಿಯನ್ನು ಕೂಡಿಹಾಕುವ ಉಪಾಯ ಹಳೆಯದು. ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ 1865ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಈಗಿನ ಕಿಟಕಿಯಲ್ಲಿ ಗಾಜುಗಳನ್ನು ದೂರವಿಡಲು ಸುತ್ತಲೂ ಒಂದು ಟೊಳ್ಳು ಪಟ್ಟಿ. ಅದರ ಹೊಟ್ಟೆಯಲ್ಲಿ ತೇವ ಹೀರುವ ಹರಳುಗಳು, ಹೊಸ ಬೂಟಿನ ಡಬ್ಬದಲ್ಲಿ "ತಿನ್ನಬೇಡಿ" ಎಂದು ಬರೆದುಕೊಂಡು ಬರುತ್ತದಲ್ಲ, ಆ ಪೊಟ್ಟಣದ ಕುಲದವೇ. ಪಟ್ಟಿಯ ಹೊರಗೆ ಅಂಟಿನ ಸೀಲು. ಸೀಲು ಗಟ್ಟಿ ಇರುವವರೆಗೆ ಒಳಗಿನ ಗಾಳಿ ಒಣಗಿರುತ್ತದೆ. ಎಲ್ಲೋ ಕೂದಲೆಳೆಯಷ್ಟು ಬಿಟ್ಟುಕೊಂಡಿತೆಂದರೆ ತೇವ ನುಸುಳುತ್ತದೆ. ಹರಳುಗಳು ಕುಡಿಯುವಷ್ಟು ದಿನ ಕುಡಿದು, ಆಮೇಲೆ ಸಾಕೆನ್ನುತ್ತವೆ.

ನೆಲದ ಮೇಲೆ ನಿಂತ ಮನೆಯಲ್ಲಾದರೆ ಸೀಲು ಬಹುಕಾಲ ಬಾಳುತ್ತದೆ. ಆರ್‌ವಿಯ ಸೀಲಿಗೆ ಆ ಪುಣ್ಯವಿಲ್ಲ. ರಸ್ತೆಯ ಕುಲುಕಾಟ ಒಂದು ಕಡೆ, ತಿರುವಿನಲ್ಲಿ ಇಡೀ ಗಾಡಿಯೇ ಮೈಮುರಿಯುವುದು ಇನ್ನೊಂದು ಕಡೆ. ಇವೆರಡರ ಮೇಲೆ ಬೆಟ್ಟ. ನಮ್ಮೂರು ಇರುವುದು ಸಮುದ್ರಮಟ್ಟದಿಂದ ಸುಮಾರು 700 ಅಡಿ ಎತ್ತರದಲ್ಲಿ. ಕೊಲೊರಾಡೊದ ಐಸೆನ್‌ಹೋವರ್ ಸುರಂಗ 11,158 ಅಡಿಯಲ್ಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಕೆಳಗಿನ ಊರಿನ ಗಾಳಿಯನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಬಂದ ಕಿಟಕಿ ಮೇಲೆ ಬಂದಾಗ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಬಿಸಿಲಿಗೆ ಉಬ್ಬು, ರಾತ್ರಿಗೆ ಕುಗ್ಗು. ನಾವು ಪ್ರವಾಸ ಮಾಡುತ್ತಿದ್ದೇವೆ ಅಂದುಕೊಂಡಿದ್ದಾಗೆಲ್ಲ ನಮ್ಮ ಕಿಟಕಿ ಪ್ರಾಣಾಯಾಮ ಮಾಡುತ್ತಿತ್ತು. ರೇಚಕದಲ್ಲಿ ಒಣಗಾಳಿ ಬಿಟ್ಟು, ಪೂರಕದಲ್ಲಿ ಒದ್ದೆಗಾಳಿ ಎಳೆದುಕೊಂಡು.

ಆರ್‌ವಿ ಪಾರ್ಕುಗಳಲ್ಲಿ ಸಲಹೆಗೆ ಬರವಿಲ್ಲ. ಅಲ್ಲಿರುವವರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಗಾಡಿ ನಿಲ್ಲಿಸಿದ ಹತ್ತು ನಿಮಿಷಕ್ಕೆ ಕೈಯಲ್ಲಿ ಉಪಕರಣ ಹಿಡಿದು ಬರುತ್ತಾರೆ. ಒಬ್ಬರು ಹೇರ್ ಡ್ರೈಯರ್ ಹಿಡಿಯಿರಿ ಎಂದರು. ಹಿಡಿದರೆ ಮಸುಕು ಆ ಮೂಲೆಯಿಂದ ಎದ್ದು ಈ ಮೂಲೆಗೆ ಬಂದು ಕೂತಿತು. ಇನ್ನೊಬ್ಬರು ಡ್ರಿಲ್ ತಂದು, ಸಣ್ಣ ತೂತು ಕೊರೆದು ಒಳಗೆ ಒಣಗಾಳಿ ಊದೋಣ ಎಂದರು. ಗಾಡಿಯ ಕಿಟಕಿಗೆ ಹಾಕುವುದು ಕಾಯಿಸಿ ಹದಮಾಡಿದ ಟೆಂಪರ್ಡ್ ಗಾಜು. ತೂತು ಕೊರೆದರೆ ಇಡೀ ಗಾಜು ಕಡಲೆಬೇಳೆಯಷ್ಟು ಚೂರುಗಳಾಗಿ ಉದುರುತ್ತದೆ ಎಂದು ಮೂರನೆಯವರು ತಡೆದರು. ಅವರಿಬ್ಬರ ನಡುವೆ ವಾದ ಹತ್ತಿ, ನಮ್ಮ ಕಿಟಕಿ ಅವರಿಗೆ ಮರೆತೇ ಹೋಯಿತು. ನಾಲ್ಕನೆಯವರು ಶಾಂತಮೂರ್ತಿ. "ನನ್ನದು ಒಬಾಮಾ ಕಾಲದಿಂದ ಹೀಗೇ ಇದೆ. ಪರದೆ ಎಳೆದುಬಿಡಿ" ಎಂದರು.

ಎಲ್ಲರಿಗಿಂತ ಸಂತೋಷಪಟ್ಟವರು ನಮ್ಮ ಕನ್ನಡ ಕೂಟದ ಕವಿಗಳು. ಕಿಟಕಿ ನೋಡಿದವರೇ ಕಣ್ಣುಮುಚ್ಚಿದರು. "ಆಹಾ, ಇದೇ ಅಲ್ಲವೇನ್ರೀ ನಮ್ಮ ಬದುಕು! ಒಳಗೂ ಅಲ್ಲ, ಹೊರಗೂ ಅಲ್ಲ. ಭಾರತ ಒಂದು ಗಾಜು, ಅಮೆರಿಕ ಒಂದು ಗಾಜು, ನಡುವೆ ಅನಿವಾಸಿಯ ಕಣ್ಣೀರು! ಯಾರು ಒರೆಸಬಲ್ಲರು ಇದನ್ನು?"

"ಸ್ವಾಮಿ, ಅದು ಕಣ್ಣೀರಲ್ಲ, ಸೀಲು ಹೋಗಿದೆ" ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ಕವನವನ್ನು ದೀಪಾವಳಿ ಕಾರ್ಯಕ್ರಮದಲ್ಲಿ ಓದಿದರು. ಮುಂದಿನ ಸಾಲಿನಲ್ಲಿ ಕೂತಿದ್ದವರು ಕಣ್ಣೊರೆಸಿಕೊಂಡರು. ಸೀಲಿನ ವಿಷಯ ಒಬ್ಬರೂ ಕೇಳಲಿಲ್ಲ.

ಮಸುಕಿನಿಂದ ಒಂದು ಉಪಕಾರವೂ ಆಯಿತು, ಅದನ್ನು ಮುಚ್ಚಿಡಬಾರದು. ಯೆಲ್ಲೊಸ್ಟೋನಿನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿದ್ದೆವು. ಕರಡಿಗಳ ಓಡಾಟವಿರುವುದರಿಂದ ಅಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಜಾಗ. ಬೆಳಿಗ್ಗೆ ಅಮ್ಮ ಕಿಟಕಿಗೆ ಕಣ್ಣಿಟ್ಟು, "ಲೋ, ಯಾರದೋ ಎಮ್ಮೆ ಬಂದಿದೆ" ಎಂದರು. ಅಮೆರಿಕದಲ್ಲಿ ಎಮ್ಮೆ ಎಲ್ಲಿಂದ ಬರಬೇಕು, ಕಂದು ಕೋಟಿನ ಪಕ್ಕದ ಮನೆಯವರಿರಬೇಕು ಎಂದಳು ಸುಮ. ಮುಂದಿನ ಗಾಜಿನಿಂದ ಇಣುಕಿದರೆ ಕಾಡುಕೋಣದಂಥ ಬೈಸನ್, ನಮ್ಮ ಗೋಡೆಗೆ ಮೈತಾಗುವಷ್ಟು ಹತ್ತಿರ ನಿಂತಿತ್ತು. ಬೆಳೆದ ಗಂಡು ಬೈಸನ್ 900 ಕಿಲೋವರೆಗೂ ತೂಗುತ್ತದೆ. ಅದರಿಂದ 25 ಗಜ ದೂರ ಇರಬೇಕೆಂದು ಅಲ್ಲಿನ ಕಾನೂನು. ಕಾನೂನು ನಮಗೆ ಗೊತ್ತು, ಅದಕ್ಕೆ ಹೇಳಿದವರಿಲ್ಲ. ಅಷ್ಟರಲ್ಲಿ ಅಮ್ಮ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದಾಗಿತ್ತು. ಬಾಗಿಲಿಗೆ ಬಂದ ಹಸು ಎಮ್ಮೆಯನ್ನು ಅವರು ಬರಿಗೈಲಿ ಕಳಿಸಿದವರಲ್ಲ. ಬಾಯಿ ಯಾವ ಕಡೆ, ಬಾಲ ಯಾವ ಕಡೆ ಎಂದು ಮಸುಕಿನಲ್ಲಿ ನಿರ್ಧಾರವಾಗುವ ಹೊತ್ತಿಗೆ ಬೈಸನ್ ಮುಂದಕ್ಕೆ ಹೋಯಿತು. ಬಾಳೆಹಣ್ಣು ಮಗನ ಪಾಲಾಯಿತು.

ಆದರೂ ಕಿಟಕಿ ಎಂದ ಮೇಲೆ ಮುಖ ಕಾಣಬೇಕು. ಇಂಥ ಗಾಡಿಯ ಕಿಟಕಿಗಳಲ್ಲಿ ಜಗತ್ತೇ ನೋಡಿದ ಒಂದಿದೆ. ಚಂದ್ರನಿಂದ ಬಂದ ಅಪೊಲೊ 11ರ ಮೂವರನ್ನು, ಚಂದ್ರನ ರೋಗಾಣು ಏನಾದರೂ ಅಂಟಿದ್ದರೆ ಎಂಬ ಭಯಕ್ಕೆ, ಯುದ್ಧನೌಕೆ ಹಾರ್ನೆಟ್ ಮೇಲೆ ಕೂಡಿಹಾಕಿದ್ದು ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮ್ ಟ್ರೇಲರಿನಲ್ಲಿ. 1969ರ ಜುಲೈ 24ರಂದು ಅಧ್ಯಕ್ಷ ನಿಕ್ಸನ್ ಹೊರಗೆ ನಿಂತು ಆ ಟ್ರೇಲರಿನ ಕಿಟಕಿಯ ಮೂಲಕವೇ ಅವರನ್ನು ಸ್ವಾಗತಿಸಿದರು. ಫೋಟೊದಲ್ಲಿ ಗಾಜು ತಿಳಿಯಾಗಿದೆ, ಮೂವರ ನಗುವೂ ಕಾಣುತ್ತದೆ. ಅದು ನಮ್ಮ ಕಿಟಕಿಯಾಗಿದ್ದರೆ ಚಂದ್ರನ ಮೇಲೆ ಹೋಗಿಬಂದವರು ಯಾರು ಎಂಬುದು ಇವತ್ತಿಗೂ ಚರ್ಚೆಯ ವಿಷಯವಾಗುತ್ತಿತ್ತು. ಮತ್ತು ನಿಕ್ಸನ್, ನನಗೆ ಖಾತ್ರಿಯಿದೆ, ಭಾಷಣಕ್ಕೆ ಮೊದಲು ಒಮ್ಮೆ ಒರೆಸುತ್ತಿದ್ದರು.

ಕೊನೆಗೆ ಕಿಟಕಿ ರಿಪೇರಿಗೆಂದು ಇಂಡಿಯಾನಾದ ಎಲ್ಕ್‌ಹಾರ್ಟ್ ಕಡೆಗೆ ಹೊರಟೆವು. ಜಗತ್ತಿನ ಆರ್‌ವಿ ರಾಜಧಾನಿ ಎಂದು ಹೇಳಿಕೊಳ್ಳುವ ಊರು ಅದು. ಆರ್‌ವಿಗಳಿಗೆಂದೇ ಒಂದು ಮ್ಯೂಸಿಯಂ ಕೂಡ ಇದೆ. ಆ ಹೊತ್ತಿಗೆ ಅಮ್ಮ ಹಾಸನಕ್ಕೆ ಮರಳಿದ್ದರು. ರಿಪೇರಿಯವನು ಒಳಚೌಕಟ್ಟಿನ ಸ್ಕ್ರೂಗಳನ್ನು ಬಿಚ್ಚಿ, ಹೊರಗಿನಿಂದ ಅಂಟನ್ನು ಬಿಡಿಸಿ, ಇಡೀ ಕಿಟಕಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ. ಮೇಜಿನ ಮೇಲೆ ಮಲಗಿಸಿ, ಬೆಳಕಿಗೆ ಬಗ್ಗಿ ನೋಡಿ, "ಸರಿಯಾದ ಹೊತ್ತಿಗೆ ಬಂದಿರಿ" ಎಂದ. ತೇವ ಬಹಳ ಕಾಲ ಅಲ್ಲೇ ಕೂತರೆ ಗಾಜಿನೊಳಗಿನ ಸೋಡಿಯಂ ಹೊರಬಂದು ಕ್ಷಾರವಾಗಿ ಗಾಜನ್ನೇ ತಿನ್ನುತ್ತದಂತೆ. ಆಗ ಬೀಳುವ ಬಿಳಿ ಕಲೆಗೆ ಔಷಧವಿಲ್ಲ, ಹೊಸ ಗಾಜೇ ಗತಿ.

ಅವನು ತೆಳ್ಳನೆ ಅಲಗಿನಿಂದ ಸುತ್ತಲೂ ಸೀಲು ಕೊಯ್ದು, ಗಾಜುಗಳನ್ನು ಬೇರೆ ಮಾಡಿದ. ಎರಡನೆಯ ಮೈ, ಮೂರನೆಯ ಮೈ ಮೊದಲ ಸಲ ಕಣ್ಣಮುಂದೆ ಬಯಲಾದವು. ಅಮ್ಮನಿಗೆ ತೋರಿಸೋಣವೆಂದು ವಿಡಿಯೊ ಕಾಲ್ ಮಾಡಿದೆ. ಅವನು ಏನೋ ದ್ರಾವಣ ಚಿಮುಕಿಸಿ, ಬಟ್ಟೆ ತೆಗೆದುಕೊಂಡು, ಒಂದು ಸಲ ಎಳೆದ. ಮಸುಕು ಹೋಯಿತು.

ಹಾಸನದಲ್ಲಿ ರಾತ್ರಿ ಹತ್ತು ದಾಟಿತ್ತು. ಆದರೂ ಅಮ್ಮನ ದನಿ ಅಂಗಡಿಯ ತುಂಬ ಮೊಳಗಿತು: "ನೋಡಿದ್ಯಾ! ಒರ್ಸಿದ್ರೆ ಹೋಗುತ್ತೆ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?"

ಹೊಸ ಪಟ್ಟಿ, ಹೊಸ ಹರಳು, ಹೊಸ ಸೀಲು. ಎಷ್ಟು ಕಾಲ ಬರುತ್ತದೆ ಎಂದು ಕೇಳಿದೆ. "ಗಾಡಿ ಓಡಿಸದಿದ್ದರೆ ಬಹಳ ಕಾಲ" ಎಂದ. ಅವನು ಹೇಳಿದ ಮೊತ್ತ ಕೇಳಿ ಅಮ್ಮ, ಅಷ್ಟು ದುಡ್ಡಿಗೆ ಊರಿನ ಮನೆಗೆ ತೇಗದ ಕಿಟಕಿಯನ್ನೇ ಮಾಡಿಸಬಹುದಿತ್ತು ಎಂದು ಲೆಕ್ಕ ಒಪ್ಪಿಸಿದರು.

ಒಂದು ಕಿಟಕಿ ಕನ್ನಡಿಯಂತಾದ ಮೇಲೆ, ಅದುವರೆಗೆ ಚೆನ್ನಾಗಿಯೇ ಇದ್ದ ಉಳಿದ ಕಿಟಕಿಗಳ ಮೇಲೆ ಸುಮಳಿಗೆ ಸಂಶಯ ಶುರುವಾಯಿತು. ಮಂಚದ ಪಕ್ಕದ್ದರ ಮೂಲೆ ನಿಜಕ್ಕೂ ಮಬ್ಬಾಗಿತ್ತು. ಕನ್ನಡ ಕೂಟದ ಪಿಕ್‌ನಿಕ್ಕಿಗೆ ಗಾಡಿ ಒಯ್ದಾಗ ಕವಿಗಳು ಬಂದರು. ಫಳಫಳ ಹೊಳೆಯುವ ಗಾಜು ನೋಡಿ ಅವರ ಮುಖ ಬಾಡಿತು.

"ಏನ್ರೀ ಇದು? ಕವನದ ಎರಡನೇ ಭಾಗ ಬರೀಬೇಕು ಅಂತಿದ್ದೆ."

"ಬೇಜಾರು ಮಾಡ್ಕೋಬೇಡಿ," ಎಂದೆ. "ಮಂಚದ ಪಕ್ಕದ ಕಿಟಕಿ ಶುರುವಾಗಿದೆ. ಅದೂ ನಡುವೆಯೇ. ಯಾರೂ ಒರೆಸೋಕಾಗಲ್ಲ."

ಅವರ ಕಣ್ಣು ಅರಳಿತು. ಒಳಗೆ ಹೋದರು, ಮಂಚದ ಮೇಲೆ ಕೂತರು, ಜೇಬಿನಿಂದ ಪೆನ್ನು ತೆಗೆದರು, ಕಾಗದ ತೆಗೆದರು. ಆಮೇಲೆ ಕರವಸ್ತ್ರ ತೆಗೆದು, ಒಮ್ಮೆ ಒರೆಸಿ ನೋಡಿದರು.